ಗಾದಿ ಕಟ್ಟಿದ ಕೋಣೆಯ ನಾಲ್ಕು ಹಾಡು

ಸಭೆಯ ಅಧ್ಯಕ್ಷರಾದ ಬಸವಪ್ರಭು ಅವರೇ, ವೇದಿಕೆಯ ಮೇಲಿರುವ ಗಣ್ಯರೇ, ಈ ಮುದುಕ ಯಾವಾಗ ಮುಗಿಸುತ್ತಾನೋ ಎಂದು ಗಿಟಾರು ಹಿಡಿದು ಕಾಯುತ್ತಿರುವ ‘ಮೂರನೇ ಗೇಟು’ ರಾಕ್ ತಂಡದ ಮಕ್ಕಳೇ, ಸಭಿಕರೇ,

ನಮ್ಮ ಇ.ಪಿ., ಅಂದರೆ ನಾಲ್ಕು ಹಾಡುಗಳ ಪುಟ್ಟ ಆಲ್ಬಮ್, ಬಿಡುಗಡೆಗೆ ಬನ್ನಿ ಎಂದು ಇವರು ಕರೆದಾಗ ನನಗೆ ಕೇಳಿಸಿದ್ದು ಐ.ಪಿ. ಸೆಟ್. ಬಾವಿಯೇ ಇಲ್ಲದವನಿಗೆ ಪಂಪಸೆಟ್ ಯಾಕೆ ಎಂದೆ. ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ತಗಡು ಬಡಿದ ಈ ಶಶಿಕಾಂತನ ಕಿವಿ ಇಷ್ಟೇ.

ಇಂಥವನು ಗಣ್ಯರ ಸಾಲಿನಲ್ಲಿ ಯಾಕೆ ಕೂತಿದ್ದಾನೆ? ಈ ತಂಡದ ಮೇಲೆ ಪೊಲೀಸರಿಗೆ ದೂರು ಕೊಟ್ಟವನು ನಾನೇ.

ಗೋಪನಕೊಪ್ಪದಲ್ಲಿ ನಮ್ಮ ಹಿತ್ತಲಿಗೆ ತಾಗಿದ ಕೋಣೆಯೊಂದನ್ನು ಇವರು ಬಾಡಿಗೆಗೆ ಹಿಡಿದಿದ್ದರು. ಹಾಡುವ ಐಶ್ವರ್ಯಾ, ಡ್ರಮ್ ಬಾರಿಸುವ ಮುಜಾಫರ, ಇನ್ನಿಬ್ಬರು. ಕಿವಿ ಮಂದಾದವನಿಗೆ ಸದ್ದಿನ ತ್ರಾಸು ಎಂಥದ್ದು? ಮಾತು ಕೇಳುವುದಿಲ್ಲ, ನಿಜ. ಆದರೆ ಡ್ರಮ್ಮು ನೇರ ಎದೆಗೆ ಬಡಿಯುತ್ತದೆ. ದಿನಾ ಸಂಜೆ ಮತ್ತೆ ಡ್ಯೂಟಿಗೆ ಹೋದಂತಾಗುತ್ತಿತ್ತು. ದೂರು ಕೊಟ್ಟೆ, ಪೊಲೀಸರು ಬಂದರು, ಮಾಲೀಕರು ಕೋಣೆಗೆ ಬೀಗ ಹಾಕಿದರು. ನಾನು ನಿರಾಳವಾಗಿ ಕುರ್ಚಿ ಎಳೆದುಕೊಂಡು ಚಹಾ ಕೇಳಿದೆ. ನನ್ನ ಹೆಂಡತಿ ಮಂದಾಕಿನಿ ಕೊಡಲಿಲ್ಲ.

“ಯಾಕ, ಏನಾತು?”

“ಆ ಹುಡುಗರು ರಿಕಾರ್ಡಿಂಗ್ ಮಾಡಾಕತ್ತಿದ್ರು. ಮೂರು ಹಾಡು ಮುಗಿದಿದ್ದವು. ನಾಲ್ಕನೇದ್ದು ನಂದಿತ್ತು.”

“ನಿಂದು ಅಂದ್ರ?”

“ನಾ ಹಾಡೂದಿತ್ರಿ.”

ಸಭಿಕರೇ, ಮೂವತ್ತೆಂಟು ವರ್ಷದ ಸಂಸಾರ. ಈಕೆ ಹಾಡುತ್ತಾಳೆ ಎಂಬುದೇ ನನಗೆ ಗೊತ್ತಿರಲಿಲ್ಲ. ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತ ಹಾಡಿಕೊಳ್ಳುತ್ತಿದ್ದಳಂತೆ. ಐಶ್ವರ್ಯಾ ಕಿಟಕಿಯಿಂದ ಕೇಳಿ ಒಳಗೆ ಕರೆದಳಂತೆ. “ನನಗ್ಯಾಕ ಹೇಳಲಿಲ್ಲ?” ಎಂದೆ. “ನೀವು ಕೇಳಲಿಲ್ರಿ,” ಎಂದಳು. ನಮ್ಮ ಭಾಷೆಯಲ್ಲಿ ಆ ಮಾತಿಗೆ ಎರಡು ಅರ್ಥ. ಎರಡೂ ನನಗೆ ತಾಗಿದವು.

ಹನ್ನೊಂದು ದಿನ ಊಟ ಬಡಿಸಿದಳು, ಮಾತಾಡಲಿಲ್ಲ. ಹನ್ನೆರಡನೆಯ ದಿನ ಹಳೇ ಹುಬ್ಬಳ್ಳಿಗೆ, ಮುಜಾಫರನ ಮನೆಗೆ ಹೋದೆ. ತಪ್ಪಾಯಿತು, ದೂರು ಹಿಂದೆ ತೆಗೆದುಕೊಳ್ಳುತ್ತೇನೆ ಎಂದೆ.

“ಅದರಿಂದ ಏನಾಕ್ಕೈತ್ರಿ ಕಾಕಾ? ಜಾಗಾನ ಹೋತು. ಎಲ್ಲಿ ಬಾರಸೂಣ್ರಿ?”

“ನಮ್ಮ ಮನ್ಯಾಗ,” ಎಂದೆ. ಅಂದ ಮೇಲೆಯೇ ನನಗೆ ಗಾಬರಿಯಾಯಿತು.

ತಗಡಿನವನಿಗೆ ಸದ್ದು ಎಲ್ಲಿಂದ ಸೋರುತ್ತದೆ ಎಂಬುದು ಗೊತ್ತು. ಮಹಡಿ ಕೋಣೆಯ ಬಾಗಿಲ ಸಂದು ಮುಚ್ಚಿದೆ. ನಾಲ್ಕೂ ಗೋಡೆಗೆ ಹತ್ತಿಯ ಹಳೇ ಗಾದಿ ಕಟ್ಟಿದೆವು. ನಮ್ಮ ಮದುವೆಯ ಗಾದಿಯೂ ಗೋಡೆ ಏರಿತು. ಸಾಲದ್ದಕ್ಕೆ ಬೀಗರಿಂದಲೂ ಎರಡು ತರಿಸಿದೆ. ಯಾಕೆಂದು ಇವತ್ತಿನವರೆಗೂ ಅವರಿಗೆ ಹೇಳಿಲ್ಲ.

ನಾಲ್ಕನೆಯ ಹಾಡು ಮುಗಿದ ದಿನ ಐಶ್ವರ್ಯಾ ನನ್ನ ಕಿವಿಗೆ ಹೆಡ್‌ಫೋನ್ ಇಟ್ಟು ಸದ್ದು ಏರಿಸಿದಳು. ಮಂದಾಕಿನಿಯ ಧ್ವನಿ ಸ್ವಲ್ಪ ಒಡೆದಿದೆ. ಎರಡನೆಯ ಸಾಲಿನಲ್ಲಿ ಉಸಿರು ಸಾಲುವುದಿಲ್ಲ. “ಇನ್ನೊಮ್ಮಿ ಹಾಡ್ತೀರೇನ್ರಿ ಕಾಕೂ?” ಎಂದು ಐಶ್ವರ್ಯಾ ಕೇಳಿದರೆ, “ಇರಲಿ ಬಿಡವಾ, ನನ್ನ ಉಸುರು ಅಷ್ಟ ಐತಿ,” ಎಂದಳು. ಅದನ್ನು ಹಾಗೆಯೇ ಇಟ್ಟಿದ್ದಾರೆ. ನಾನು ಏಳು ಸಲ ಹಾಕಿಸಿಕೊಂಡೆ. ಎಂಟನೆಯ ಸಲಕ್ಕೆ ಮುಜಾಫರ ಹೆಡ್‌ಫೋನ್ ಕಸಿದುಕೊಂಡ.

ಬರೆದು ತಂದದ್ದು ಇನ್ನೂ ಎರಡು ಹಾಳೆ ಇದೆ. ಆದರೆ ಪರದೆಯ ಪಕ್ಕದಲ್ಲಿ ನನ್ನಾಕೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ನಿಂತಿದ್ದಾಳೆ. ಅರವತ್ತರ ಹೊಸ್ತಿಲಲ್ಲಿ ಇದೇ ಮೊದಲ ವೇದಿಕೆ. ಕರೆದ ಮಕ್ಕಳಿಗೂ ತಾಳಿಕೊಂಡ ನಿಮಗೂ ನಾನು ಋಣಿ. ಬಾ ಮಂದಾಕಿನಿ, ಹೆದರಬ್ಯಾಡ. ಎಲ್ಲರಿಗೂ ನನ್ನ ನಮಸ್ಕಾರ.