ಅಕ್ಕನಿಗೆ ಫೈಲೇ ಇರಲಿಲ್ಲ

ಅಕ್ಕನ ಶ್ರದ್ಧಾಂಜಲಿ ಸಭೆಗೆ ಬಂದಿರುವ ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಅಕ್ಕನ ಯಜಮಾನರಿದ್ದಾರೆ, ಮಗಳಿದ್ದಾಳೆ. ಅವರಿಬ್ಬರಿಗೆ — ನಮಸ್ಕಾರ ಅನ್ನಲೂ ನನಗೆ ಮುಖವಿಲ್ಲ. ಆದರೂ ಮಾತಾಡುತ್ತೇನೆ.

ಇಪ್ಪತ್ತೆರಡು ವರ್ಷ ಅಕ್ಕ ನಮ್ಮ ಕಿವಿ ವಿಭಾಗದ ಆಪರೇಷನ್ ಥಿಯೇಟರಿನ ನರ್ಸ್. ನಾನು ಅಲ್ಲಿನ ಸರ್ಜನ್. ನನಗಿಂತ ನಾಲ್ಕು ವರ್ಷ ಚಿಕ್ಕವರು, ಆದರೂ ನಮಗೆಲ್ಲ ಅಕ್ಕ. ಈಗಷ್ಟೇ ಮಾತಾಡಿದ ಆಡಳಿತಾಧಿಕಾರಿಗಳು "ಎಲ್ಲ ವಿಧಿಯಾಟ" ಎಂದರು. ಕ್ಷಮಿಸಿ ಸರ್ — ವಿಧಿಯ ತಲೆಗೆ ಕಟ್ಟಬೇಡಿ. ವಿಧಿ ನಮ್ಮ ಆಸ್ಪತ್ರೆಯಲ್ಲಿ ಡ್ಯೂಟಿ ಮಾಡುವುದಿಲ್ಲ. ನಾವು ಮಾಡುತ್ತೇವೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಿವಿಯ ಬಳಿ ಗಡ್ಡೆಯಾದವರಿಗೆ ವಿಕಿರಣ ಕೊಡುತ್ತೇವೆ. ಗಡ್ಡೆ ಹೋಗುತ್ತದೆ. ಎಷ್ಟೋ ವರ್ಷದ ಮೇಲೆ ಕೆಲವರಿಗೆ ಕಿವಿನಾಳದ ಮೂಳೆ ರಕ್ತವಿಲ್ಲದೆ ಬೆಳ್ಳಗಾಗಿ ಸಾಯುತ್ತದೆ. ಕಿವಿ ಸೋರುತ್ತದೆ, ನಾರುತ್ತದೆ. ಹನಿ ಔಷಧಿಗೆ ಬಗ್ಗದಿದ್ದರೆ ಆ ಮೂಳೆಯನ್ನು ಕೊರೆದು ತೆಗೆಯಬೇಕು — ಎಲ್ಲಿಯವರೆಗೆ? ಜೀವವಿರುವ ಮೂಳೆ ಸಿಕ್ಕಿ ರಕ್ತ ಜಿನುಗುವವರೆಗೆ. ಆಮೇಲೆ ಪಕ್ಕದ ಸ್ನಾಯುವನ್ನು ಹೊರಳಿಸಿ ಆ ಗುಳಿಗೆ ಹೊದಿಸಬೇಕು.

ಸಾಕೆಂದು ನಾನು ಡ್ರಿಲ್ ವಾಪಸ್ ಕೊಡಲು ಹೋದರೆ ಅಕ್ಕ ತಗೊಳ್ಳುತ್ತಲೇ ಇರಲಿಲ್ಲ. ಹೀಗೆ — ಎರಡೂ ಕೈ ಎದೆಯ ಮುಂದೆ ಹಿಡಿದು — "ಸರ್, ಇನ್ನೂ ಬಿಳಿ ಇದೆ" ಅನ್ನುತ್ತಿದ್ದರು. ನಾನು ರೇಗಿದರೆ, "ಊಟದ ಹೊತ್ತಾಗಿರೋದು ನಿಮಗೆ, ಮೂಳೆಗಲ್ಲ."

ಇಂಥ ಅಕ್ಕನಿಗೇ ಹನ್ನೆರಡು ವರ್ಷದ ಹಿಂದೆ ದವಡೆಯ ಹತ್ತಿರ ಗಡ್ಡೆಯಾಗಿ, ಬೇರೆ ಆಸ್ಪತ್ರೆಯಲ್ಲಿ ವಿಕಿರಣ ಕೊಟ್ಟಿದ್ದರು. ನಮಗೆಲ್ಲ ಗೊತ್ತಿತ್ತು. ಹೋದ ವರ್ಷ ಅದೇ ಕಡೆಯ ಕಿವಿ ಸೋರತೊಡಗಿತು. ಅಕ್ಕ ತೋರಿಸಿದರು — ಎಲ್ಲಿ? ಕಾರಿಡಾರಿನಲ್ಲಿ. "ಸರ್, ಒಂಚೂರು ನೋಡ್ತೀರಾ?" ನಾನು ನಿಂತಲ್ಲೇ ಜೇಬಿನ ಟಾರ್ಚ್ ಬಿಟ್ಟು ನೋಡಿ, "ಏನಿಲ್ಲ ಅಕ್ಕ, ಹನಿ ಹಾಕ್ಕೊಳ್ಳಿ" ಅಂದೆ. ಆಮೇಲೆ ಇನ್ನೊಬ್ಬ ಡಾಕ್ಟರು — ನಿಂತೇ — "ಹನಿ ಮುಂದುವರಿಸಿ." ಆಮೇಲೆ ಮತ್ತೊಬ್ಬರು, ಲಿಫ್ಟಿನ ಬಾಗಿಲಲ್ಲಿ. ನಮ್ಮವರಲ್ಲವೇ — ಚೀಟಿ ಯಾಕೆ, ಫೈಲ್ ಯಾಕೆ, ಕುರ್ಚಿ ಯಾಕೆ! ಮುಖಪರಿಚಯವಿಲ್ಲದ ರೋಗಿಗೆ ನಾವು ಕೇಳುವ ಮೊದಲ ಪ್ರಶ್ನೆಯೇ "ಹಿಂದೆ ವಿಕಿರಣ ತಗೊಂಡಿದ್ರಾ?" ಫೈಲಿನ ಮೊದಲ ಪುಟದಲ್ಲಿ ಅಚ್ಚಾಗಿದೆ. ಅಕ್ಕನಿಗೆ ಫೈಲೇ ಇರಲಿಲ್ಲ.

ಅಕ್ಕನಿಗೆ ಅನುಮಾನ ಬಂದಿರಲಿಲ್ಲವೇ? ಬಂದಿತ್ತಂತೆ. ಮಗಳು ಹೇಳಿದಳು — "ಮೂರು ಜನ ಡಾಕ್ಟ್ರು ನೋಡಿದಾರೆ, ನಾನೇನು ಅವರಿಗಿಂತ ಹೆಚ್ಚಾ ಅಂತಿದ್ಲು ಅಮ್ಮ." ಕಂಡವರ ಕಿವಿಗಾಗಿ ನನ್ನ ಜೊತೆ ಜಗಳ ಕಾದ ಹೆಂಗಸು ತನ್ನ ಕಿವಿಗಾಗಿ ಒಂದು ಮಾತೂ ಎತ್ತಲಿಲ್ಲ. ನಮ್ಮ ಮೇಲೆ ಅಷ್ಟು ನಂಬಿಕೆ! ನೆನೆದರೆ ಮೈ ಉರಿಯುತ್ತದೆ.

ಕೊನೆಗೆ ಕಂಡುಹಿಡಿದವರು ಯಾರು? ಟೈಲರ್ ಕೆಲಸ ಮಾಡುವ ಯಜಮಾನರು. ಪ್ಲಾಸ್ಟಿಕ್ ಚೀಲದಿಂದ ಅಕ್ಕನ ದಿಂಬಿನ ಕವರು ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. "ಎಷ್ಟು ಒಗೆದ್ರೂ ವಾಸನೆ ಹೋಗ್ತಿಲ್ಲ ಡಾಕ್ಟ್ರೇ." ಆವತ್ತು ಮೊದಲ ಸಲ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿ ನೋಡಿದೆ. ಕಿವಿ ಸೋರತೊಡಗಿ ಹದಿನಾಲ್ಕು ತಿಂಗಳಾಗಿತ್ತು.

ನಾನೇ ಕೊರೆದೆ. ಬಿಳಿ. ಇನ್ನೂ ಕೊರೆದೆ — ಬಿಳಿ. ಸೋಂಕು ಮೂಳೆ ದಾಟಿ ಮಿದುಳು ಮುಟ್ಟಿತ್ತು. "ಇನ್ನೂ ಬಿಳಿ ಇದೆ" ಅನ್ನಬೇಕಾದವರು ಮೇಜಿನ ಮೇಲೆ ಮಲಗಿದ್ದರು. ಹನ್ನೊಂದನೆಯ ದಿನ ಹೋದರು.

ನಿನ್ನೆ ನಾನು ಅಕ್ಕನ ಹೆಸರಿನಲ್ಲಿ ಒಂದು ಫೈಲ್ ತೆರೆದೆ. ಮೂರು ಸಲ ನೋಡಿದ್ದು, ಯಾರು, ಎಲ್ಲಿ, ಏನು ಹೇಳಿದರು — ಎಲ್ಲ ಬರೆದು ಸಹಿ ಹಾಕಿದ್ದೇನೆ. ಮೊದಲ ಹೆಸರು ನನ್ನದೇ. ಆಡಳಿತಾಧಿಕಾರಿಗಳು ಬೇಡವೆಂದರು. ಯಜಮಾನರೇ, ಇಗೋ, ತಗೊಳ್ಳಿ. ಏನು ಮಾಡಬೇಕೋ ನೀವೇ ತೀರ್ಮಾನಿಸಿ. ನಾನು ಎಲ್ಲಿಗೆ ಕರೆದರೂ ಬಂದು ಇದನ್ನೇ ಹೇಳುತ್ತೇನೆ.

ಈಗ ಆಸ್ಪತ್ರೆಯವರೆಲ್ಲ ಎದ್ದು ನಿಲ್ಲಿ. ಅಕ್ಕನ ಮನೆಯವರು ಕೂತೇ ಇರಲಿ. ನಿಂತು ನೋಡಿದಾಗ ನಾವು ಒಬ್ಬೊಬ್ಬರೂ ಅಕ್ಕನಿಗೆ ಕೊಟ್ಟದ್ದು ಅರ್ಧ ನಿಮಿಷ. ಇವತ್ತು ಎರಡು ನಿಮಿಷ — ಬಾಯಿ ಮುಚ್ಚಿಕೊಂಡು. ಗಡಿಯಾರ ನಾನು ನೋಡುತ್ತೇನೆ. ಮುಗಿಯುವ ಮುಂಚೆ ಯಾರೂ ಕೂರಬೇಡಿ.