ಮಾತಾಡದ ರೇಡಿಯೋ

ರಿಪೇರಿ ಅಂಗಡಿಯಲ್ಲಿ ನನ್ನ ಮುಂದಿದ್ದ ಹೆಂಗಸು ಪುಟ್ಟ ರೇಡಿಯೋ ಒಂದನ್ನು ಕೊಟ್ಟಳು. ರಿಪೇರಿಯವನು ಹಿಂದಿನ ಮುಚ್ಚಳ ತೆಗೆದು, ಬ್ಯಾಟರಿಯ ಸಂದಿಯಿಂದ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಎಳೆದ. ರೇಡಿಯೋ ಮಾತಾಡಿತು.

“ಏನೂ ಕೆಟ್ಟಿಲ್ಲಮ್ಮ. ಬಳಸೋ ಮುಂಚೆ ಈ ಪಟ್ಟಿ ತೆಗೀಬೇಕಿತ್ತು, ಅಷ್ಟೇ.”

“ನೆರೆ ಬಂದ್ರೆ ಬೇಕಾಗುತ್ತೆ ಅಂತ ನಮ್ಮನೆಯವರು ತಂದಿದ್ರು. ಅತ್ತೆ ಡಬ್ಬಿ ಸಮೇತ ಬೀರುವಿನಲ್ಲಿಟ್ಟು ಬೀಗ ಹಾಕಿದ್ರು. ಹಾಳು ಮಾಡ್ತೀರಿ ಅಂತ ಯಾರ ಕೈಗೂ ಕೊಡ್ಲಿಲ್ಲ.”

“ನೆರೆ ಬಂದಾಗ?”

“ಆಗಲೇ ಮೊದಲ ಸಲ ಹೊರಗೆ ತೆಗೆದು ಗುಂಡಿ ಒತ್ತಿದ್ವಿ, ಇದು ಉಸಿರೇ ಎತ್ಲಿಲ್ಲ. ನೀರು ಎಲ್ಲೀತನಕ ಬಂತು ನೋಡ್ಕೊಂಡ್ ಬರ್ತೀನಿ ಅಂತ ಇವರು ಹೋದ್ರು. ಬರ್ಲೇ ಇಲ್ಲ.”

ಅವನು ರೇಡಿಯೋ ಆಫ್ ಮಾಡಿದ.

“ಅತ್ತೆ ಹೊರಗೆ ಕೂತಿದ್ದಾರೆ. ಆ ಪಟ್ಟಿ ಮತ್ತೆ ಸಿಕ್ಸಿಬಿಡಿ. ಕೆಟ್ಟೇ ಹೋಗಿತ್ತಂತೆ ಅಂತ ಹೇಳ್ತೀನಿ.”

ಅವನು ಸಿಕ್ಕಿಸಿದ. ಆಕೆ ಗುಂಡಿ ಒತ್ತಿ, ದನಿ ಬರುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಹೊರಟಳು.