ವೆಲ್ಕೊನ ಮೊಟಕು ಕೋವಿ

ಇದು ನಮ್ಮ ಪಕ್ಕದ ಮನೆಯ ರಾದೋಯಣ್ಣನಿಗೆ ಆದದ್ದು. ಪಕ್ಕದ ಮನೆ ಅಂದರೆ ಗೋಡೆಗೆ ಗೋಡೆ ತಾಗಿದ ಮನೆ, ಅವನು ಕೆಮ್ಮಿದರೂ ನನಗೆ ಕೇಳುತ್ತಿತ್ತು. ನಮ್ಮದು ಬಲ್ಗೇರಿಯದ ಬೆಟ್ಟದ ಊರು. ಆ ಚಳಿಗಾಲದ ಹೊತ್ತಿಗೆ ಮೇಲಿನ ಕೇರಿ ಪೂರ್ತಿ ಖಾಲಿಯಾಗಿತ್ತು. ಹೊಗೆ ಏಳುತ್ತಿದ್ದದ್ದು ಎರಡೇ ಒಲೆಗಳಿಂದ... ಅವನದು, ನನ್ನದು.

ಒಂದು ರಾತ್ರಿ ಅವನು ಕೆಳಗಿನ ಹೆಂಡದಂಗಡಿಯಿಂದ ಮನೆಗೆ ಬರುತ್ತಿದ್ದ. ದಾರಿಯಲ್ಲಿ ಬಾವಿ, ಬಾವಿಯ ಮೇಲೆ ಬಾಗಿದ ಅಕ್ರೋಟು ಮರ. ಅಕ್ರೋಟಿನ ನೆರಳು ಭಾರ, ಅದರಡಿ ಮಲಗಬಾರದು ಅಂತ ನಮ್ಮಲ್ಲಿ ಹೇಳುತ್ತಾರೆ. ಆ ದಿನ ಗಾಳಿಗೆ ಒಂದು ಒಣಕೊಂಬೆ ಮುರಿದು ಬಿದ್ದಿತ್ತು. ರಾದೋಯಣ್ಣ ಅದನ್ನು ಹೆಗಲಿಗೇರಿಸಿದ. ಯಾಕೆ ಅಂತ ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಅವನ ಹೆಂಡತಿ ಸ್ತಾಮೆನಾ ಬೇಸಗೆಯ ಕೊನೆಗೆ ತೀರಿಕೊಂಡಿದ್ದಳು. ಅವಳಪ್ಪನ ಹಳೇ ಕೋವಿಯನ್ನು ವಸಂತದಲ್ಲಿ ಮ್ಯೂಸಿಯಮ್ಮಿಗೆ ಕೊಡುವುದೆಂದು ಆಗಲೇ ಮಾತಾಗಿತ್ತು. ಸಾಯುವ ಮುಂಚೆ ಅವನ ಕೈ ಹಿಡಿದು ಕೇಳಿದ್ದು ಒಂದೇ. "ನಮ್ಮಪ್ಪನ ಕೋವೀನ ಮೊದಲಿನ ಹಾಗೆ ಮಾಡು. ಮ್ಯೂಸಿಯಮ್ಮಿನ ಗೋಡೆ ಮೇಲೆ ಅದು ಕುಂಟನ ಹಾಗೆ ನಿಲ್ಲಬಾರದು."

ಅವಳಪ್ಪ ವೆಲ್ಕೊ, ದೊಡ್ಡ ಯುದ್ಧದ ಕೊನೆಯಲ್ಲಿ ಸೈನ್ಯ ಚೆದುರಿದಾಗ, ಬೆಟ್ಟ ಹತ್ತಿಳಿದು ನಡೆದೇ ಊರಿಗೆ ಬಂದವನು. ಕೋವಿ ಕೋಟಿನೊಳಗೆ ಅಡಗಬೇಕಲ್ಲ? ಅದಕ್ಕೆ, ಹೆಗಲಿಗೆ ಆನಿಸುವ ಹಿಂಬದಿಯ ಮರವನ್ನು ಗರಗಸದಿಂದ ಅರ್ಧಕ್ಕೆ ಕೊಯ್ದುಹಾಕಿದ್ದ. ಆ ಹೋದ ಅರ್ಧಕ್ಕೇ ಈ ಅಕ್ರೋಟಿನ ಕೊಂಬೆ. ಆಮೇಲೆ ಮುದುಕನಾಗುವವರೆಗೆ ಬದುಕಿ, ತನ್ನ ಹಾಸಿಗೆಯಲ್ಲೇ ಸತ್ತ. ಇದನ್ನು ಮರೆಯಬೇಡಿ... ಮುದುಕನಾಗಿಯೇ ಸತ್ತ.

ಕೊಂಬೆ ಹೊತ್ತು ಬಾವಿ ದಾಟಿದ ರಾದೋಯಣ್ಣನ ಹಿಂದೆ, ಹಿಮದ ಮೇಲೆ ಹೆಜ್ಜೆ. ಕರಕ್... ಕರಕ್... ಇವನು ನಿಂತ. ಅದೂ ನಿಂತಿತು.

"ತಾತ... ಊರಿಗೆ ಇದೇ ದಾರೀನಾ?" ಪಿಸುಮಾತು. ಹುಡುಗನ ದನಿ.

"ಇದೇ ಕಣಪ್ಪ."

ತಿರುಗಿದರೆ ಯಾರೂ ಇರಲಿಲ್ಲ. ಹೆಂಡದ ಮೇಲೆ ತಪ್ಪು ಹೊರಿಸಿ ಮನೆಗೆ ಬಂದ.

ಹಗಲೆಲ್ಲ ಕೂತು ಕೊಂಬೆ ಕೆತ್ತಿದ, ಅರದಿಂದ ಉಜ್ಜಿದ, ಉಪ್ಪುಕಾಗದ ಹಾಕಿದ. ಹಳೆಯ ಮರಕ್ಕೆ ಅಂಟು ಬಳಿದು ಕೂಡಿಸಿ, ಹಗ್ಗ ಬಿಗಿದು ಮಲಗಿದ. ಅವತ್ತು ರಾತ್ರಿ ನನಗೆ ಎಚ್ಚರವಾಯಿತು. ಗೋಡೆಯಾಚೆ... ಸರ್ರ್... ಸರ್ರ್... ಸರ್ರ್... ಗರಗಸ. ಕೊನೆಗೆ ಟಕ್ ಅಂತ ಏನೋ ಬಿತ್ತು.

ನಾನು ಗೋಡೆ ಗುದ್ದಿದೆ. "ರಾದೋಯಣ್ಣಾ! ಏನು ಕೊಯ್ತಿದ್ದೀಯ, ನನ್ನ ನಿದ್ದೇನಾ?"

ಬೆಳಿಗ್ಗೆ ಅವನೇ ನನ್ನ ಬಾಗಿಲಿಗೆ ಬಂದ. "ನೆದಾ, ನೀನು ಗುದ್ದಿದಾಗ ನಾನು ಹಾಸಿಗೇಲಿದ್ದೆ."

ಹೊಸ ಮರ ನೆಲದ ಮೇಲಿತ್ತು. ಅಂಟು ಹಾಕಿದ ಜಾಗದಲ್ಲೇ, ಕೂದಲೆಳೆ ಆಚೀಚೆ ಇಲ್ಲದೆ ಕೊಯ್ದಿತ್ತು.

ಅವನು ಮತ್ತೆ ಅಂಟಿಸಿದ. ಆ ರಾತ್ರಿ ಮಲಗದೆ ಒಲೆಯ ಪಕ್ಕ ಕೂತ. ಮುಂದಿನದನ್ನು ಅವನೇ ನನಗೆ ಹೇಳಿದ್ದು. ಒದ್ದೆ ಉಣ್ಣೆಯ ವಾಸನೆ ಬಂತಂತೆ. ಕಣ್ಣೆತ್ತಿದರೆ ಮೇಜಿನ ಮುಂದೆ ಒಬ್ಬ ಹುಡುಗ. ಮೀಸೆಯೂ ಸರಿಯಾಗಿ ಬಂದಿಲ್ಲ. ಹರಿದ ಸೈನ್ಯದ ಕೋಟು, ಕಾಲಿಗೆ ಚಿಂದಿ. ಕೈಯಲ್ಲಿ ಗರಗಸ.

"ಉದ್ದ ಆಯ್ತು ತಾತ... ಕೋಟಿನಿಂದ ಹೊರಗೆ ಕಾಣುತ್ತೆ. ಹಿಡೀತಾರೆ."

"ಯಾರೋ ನೀನು?"

"ವೆಲ್ಕೊ."

ರಾದೋಯಣ್ಣನಿಗೆ ಭಯಕ್ಕಿಂತ ಮೊದಲು ನಗು ಬಂತಂತೆ. "ಅಯ್ಯೋ ಮಾವ! ನಾನು ನಿನ್ನ ಅಳಿಯ ಕಣೋ."

"ತಮಾಷೆ ಮಾಡ್ಬೇಡ ತಾತ. ನನಗಿನ್ನೂ ಮದುವೇನೇ ಆಗಿಲ್ಲ."

ಕೊಯ್ದ. ಕೋವಿಯನ್ನು ಕೋಟಿನೊಳಗೆ ಇಟ್ಟು ಅಳತೆ ನೋಡಿದ. ಮೇಜಿನ ಮೇಲಿಟ್ಟು ಒಲೆಗೆ ಕೈ ಕಾಯಿಸಿಕೊಂಡ. ಬೆಳಕು ಹರಿಯುವಾಗ ಇರಲಿಲ್ಲ.

ಅದಾದ ಮೇಲೆ ರಾದೋಯಣ್ಣ ಬೇರೆಯೇ ಮನುಷ್ಯ. ತಿಂಗಳುಗಟ್ಟಲೆ ಬಿಟ್ಟಿದ್ದ ಗಡ್ಡ ಹೆರೆದ. ಅಂಗಡಿಯಿಂದ ಚೀಸು ತಂದ. ಹಗಲು ಅಂಟಿಸುವುದು, ರಾತ್ರಿ ಗೋಡೆಯಾಚೆ ಸರ್ರ್... ಸರ್ರ್... ನಡುವೆ ಮಾತು, ಲೋಟಕ್ಕೆ ಲೋಟ ತಾಗಿಸುವ ಸದ್ದು. ನನಗೆ ಕೇಳುತ್ತಿದ್ದದ್ದು ಅವನೊಬ್ಬನ ಮಾತು ಮಾತ್ರ. ಆದರೆ ಲೋಟದ ಸದ್ದು... ಅದಕ್ಕೆ ಎರಡು ಲೋಟ ಬೇಕು.

"ವಸಂತಕ್ಕೆ ಮ್ಯೂಸಿಯಮ್ಮಿನವರು ಬರ್ತಾರೆ," ಅಂದೆ ಒಂದು ದಿನ. "ಕಬ್ಬಿಣದ ಮೊಳೆ ಹೊಡಿ, ಗರಗಸ ಬಚ್ಚಿಡು. ಬರೀ ಅಂಟು ಬಳೀತಾ ಕೂತಿದ್ದೀಯಲ್ಲ?"

ಅವನು ಅಂಟು ಕಲಕುತ್ತಲೇ ಇದ್ದ. ಆಗ ನನಗೆ ಹೊಳೆಯಿತು. ಅವನು ಅಂಟಿಸುತ್ತಿದ್ದದ್ದು ಕೋವಿ ಸರಿಯಾಗಲಿ ಅಂತಲ್ಲ, ಆ ಹುಡುಗ ಮತ್ತೆ ಕೊಯ್ಯಲು ಬರಲಿ ಅಂತ.

"ಸ್ತಾಮೆನಾಗೆ ಕೊಟ್ಟ ಮಾತು ಏನಾಯ್ತೋ?"

"ರಾತ್ರಿ ತುಂಬ ಉದ್ದ ನೆದಾ," ಅಂದ. ಅಷ್ಟೇ.

ಚಳಿಗಾಲ ಮುಗಿಯುವ ಮುಂಚೆ ಸತ್ತವರ ಶನಿವಾರ ಬಂತು. ಬೇಯಿಸಿದ ಗೋಧಿ ತೆಗೆದುಕೊಂಡು ಸ್ಮಶಾನಕ್ಕೆ ಹೋಗಿಬಂದೆವು. ನಮ್ಮಲ್ಲಿ ಬದುಕಿದ್ದವರ ಜೊತೆ ಕುಡಿಯುವಾಗ ಲೋಟ ತಾಗಿಸುತ್ತೇವೆ. ಸತ್ತವರಿಗಾದರೆ ತಾಗಿಸುವುದಿಲ್ಲ, ಮೊದಲ ಹನಿಗಳನ್ನು ನೆಲಕ್ಕೆ ಚೆಲ್ಲಿ ಹೆಸರು ಹೇಳುತ್ತೇವೆ. ಆ ದಿನವೆಲ್ಲ ಚೆಲ್ಲಿ ಚೆಲ್ಲಿ ರಾದೋಯಣ್ಣನ ಕೈಗೆ ಅದೇ ಅಭ್ಯಾಸವಾಗಿಬಿಟ್ಟಿತ್ತು.

ರಾತ್ರಿ ಹುಡುಗ ಬಂದ. ಗರಗಸ ಮರದ ಮೇಲಿಟ್ಟ. ರಾದೋಯಣ್ಣ ಇಬ್ಬರಿಗೂ ಪ್ಲಮ್ಮಿನ ಸಾರಾಯಿ ಬಗ್ಗಿಸಿದ, ತನ್ನ ಲೋಟ ಎತ್ತಿದ, ಯೋಚನೆಯೇ ಇಲ್ಲದೆ ನೆಲಕ್ಕೆ ಹನಿಸಿದ. "ದೇವರು ಕ್ಷಮಿಸಲಿ... ಸ್ತಾಮೆನಾನ. ಅವಳಪ್ಪ ವೆಲ್ಕೊನ."

ಪಟ್... ಪಟ್... ಹನಿ ಹಲಗೆಯ ಮೇಲೆ ಬಿತ್ತು.

ಹುಡುಗ ಆ ಒದ್ದೆಯನ್ನೇ ನೋಡಿದ. "ತಾತ... ನನ್ನ ಹೆಸರು ಯಾಕೆ ಹೇಳಿದೆ?"

ರಾದೋಯಣ್ಣ ಲೋಟವನ್ನು ಮೇಜಿನ ಮೇಲಿಟ್ಟ.

"ಹಾಗಾದ್ರೆ ನಾನು... ಮನೆ ಸೇರಿದ್ನಾ?"

"ಸೇರಿದೆ ಕಣಪ್ಪ. ಮದುವೆ ಆದೆ. ಮಗಳು ಹುಟ್ಟಿದಳು."

"ಅವಳೇನಾ ಸ್ತಾಮೆನಾ?"

"ಹೂಂ."

"ನಮ್ಮಮ್ಮನ ಹೆಸರು ಇಟ್ಟಿದ್ದೀನಿ," ಅಂದ ಹುಡುಗ. ಮುಖದಲ್ಲಿ ನಗು ಮೂಡಿತಂತೆ. ಗರಗಸವನ್ನು ಸದ್ದಾಗದ ಹಾಗೆ ಕೆಳಗಿಟ್ಟ.

ಆಮೇಲೆ ಬರಲಿಲ್ಲ. ರಾದೋಯಣ್ಣ ಕೊಯ್ಯದೆ ಉಳಿದ ಕೋವಿಯನ್ನು ಹಾಗೇ ಮೇಜಿನ ಮೇಲೆ ಬಿಟ್ಟು ರಾತ್ರಿಯಿಡೀ ಒಲೆಗೆ ಸೌದೆ ಹಾಕುತ್ತ ಕೂರುತ್ತಿದ್ದ. ಗೋಡೆಯಾಚೆ ಏನೂ ಇಲ್ಲ. ಅಷ್ಟು ಮೌನಕ್ಕೆ ನನಗೂ ನಿದ್ದೆ ಹತ್ತುತ್ತಿರಲಿಲ್ಲ. ಮತ್ತೆ ಗಡ್ಡ ಬಿಟ್ಟ.

ಹಿಮ ಕರಗಿದ ಮೇಲೆ ಮ್ಯೂಸಿಯಮ್ಮಿನ ಮನುಷ್ಯ ಬಂದ. ಕೋವಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮರದ ಮೇಲೆ ಉಗುರು ಎಳೆದ. ಮತ್ತೊಮ್ಮೆ ಎಳೆದ.

"ಮೇಸ್ತ್ರಿ, ಜೋಡಿಸಿದ್ದು ಎಲ್ಲಿ?"

"ನೋಡಿದ್ರೆ ಗೊತ್ತಾಗುತ್ತೆ," ಅಂದ ರಾದೋಯಣ್ಣ, ಒಲೆಯ ಕಡೆಗೇ ಮುಖ ಮಾಡಿಕೊಂಡು.

ಗೊತ್ತಾಗಲಿಲ್ಲ. ನಾನೂ ಕನ್ನಡಕ ಹಾಕಿಕೊಂಡು ನೋಡಿದೆ. ಅಂಟಿನ ಗೆರೆ ಇರಲಿಲ್ಲ. ಮರದ ಎಳೆಗಳು ಆ ತುದಿಯಿಂದ ಈ ತುದಿಗೆ, ಎಲ್ಲೂ ಕಡಿಯದೆ ಹರಿದಿದ್ದವು... ಒಂದೇ ಮರದ ಹಾಗೆ. ಕೋವಿ ಈಗಲೂ ಮ್ಯೂಸಿಯಮ್ಮಿನ ಗೋಡೆಯ ಮೇಲಿದೆ. ನಾನು ನನ್ನ ಕೈಯಿಂದಲೇ ಸವರಿ ನೋಡಿದ್ದೇನೆ.